ಕತ್ತಲಲ್ಲೂ ಓದಬಲ್ಲೆವು

ಮಕ್ಕಳೇ, ಒಂದು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿರಿ. ಯಾರು ಮಾತನಾಡುತ್ತಿದ್ದಾರೆ? ಯಾರು ಬಾಗಿಲ ಬಳಿ ನಡೆದು ಹೋದರು? ಕಣ್ಣು ತೆರೆಯದೆ ನಿಮ್ಮ ಪುಸ್ತಕ ಯಾವುದು, ಗೆಳೆಯನ ಪುಸ್ತಕ ಯಾವುದು ಎಂದು ಹೇಳಬಲ್ಲಿರಾ? ಈಗ ಈ ಪಾಠವನ್ನು ಓದಿರಿ.

ನಮ್ಮ ದೇಶದ ಉತ್ತರಕ್ಕೆ ಹಿಮಾಲಯ ಪರ್ವತವಿದೆ. ಅದರ ಆಚೆಗಿರುವುದು ಟಿಬೆಟ್. ಅದು ಚೀನಾದ ಆಡಳಿತದಲ್ಲಿದೆ. ಅಲ್ಲಿನ ಮುಖ್ಯ ಪಟ್ಟಣ ಲಾಸಾ. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ ಈ ಪಟ್ಟಣವಿದೆ. ನಮ್ಮ ಕೇರಳದ ಅತಿ ಎತ್ತರದ ಶಿಖರವಾದ ಆನಮುಡಿಯ ಎತ್ತರವೇ 2,695 ಮೀಟರ್. ಅಂದರೆ ಲಾಸಾದ ಜನರು ಆನಮುಡಿಗಿಂತಲೂ ಎತ್ತರದಲ್ಲಿ ಮನೆ ಕಟ್ಟಿ, ಸಂತೆ ಮಾಡಿ, ಶಾಲೆಗೆ ಹೋಗಿ ಬದುಕುತ್ತಾರೆ!

ಅಷ್ಟು ಎತ್ತರದಲ್ಲಿ ಬಿಸಿಲು ಬಹಳ ತೀಕ್ಷ್ಣ. ಗಾಳಿ ಬೀಸಿದರೆ ಧೂಳೇ ಧೂಳು. ಚಳಿ ತಡೆಯಲಾರದೆ ಹಳ್ಳಿಯ ಜನರು ಮನೆಯೊಳಗೆ ಯಾಕ್ ಎಂಬ ಪ್ರಾಣಿಯ ಸೆಗಣಿಯ ಬೆರಣಿ ಉರಿಸುತ್ತಾರೆ. ಮನೆ ತುಂಬ ಹೊಗೆ. ಹಸಿರು ತರಕಾರಿ ಬೆಳೆಯುವುದು ಕಷ್ಟವಾದುದರಿಂದ ಕಣ್ಣಿಗೆ ಬೇಕಾದ ‘ಎ’ ಜೀವಸತ್ವವೂ ಮಕ್ಕಳಿಗೆ ಸಾಕಷ್ಟು ಸಿಗುತ್ತಿರಲಿಲ್ಲ. ಹೀಗಾಗಿ ಅಲ್ಲಿ ಕಣ್ಣಿನ ರೋಗಗಳು ಹೆಚ್ಚು. ಆದರೆ ಜನರಲ್ಲಿ ಅನೇಕರು ಬೇರೆಯೇ ಕಾರಣ ಹೇಳುತ್ತಿದ್ದರು. ಹಿಂದಿನ ಜನ್ಮದಲ್ಲಿ ಮಾಡಿದ ಪಾಪದಿಂದ ಕುರುಡುತನ ಬರುತ್ತದೆ ಎಂದು ನಂಬಿದ್ದರು. ಕಣ್ಣು ಕಾಣದ ಮಕ್ಕಳಿಗೆ ಶಾಲೆಯೇ ಇರಲಿಲ್ಲ.

ಇಂತಹ ಊರಿಗೆ 1997ರಲ್ಲಿ ಜರ್ಮನಿಯಿಂದ ಒಬ್ಬ ಯುವತಿ ಬಂದರು. ಅವರ ಹೆಸರು ಸಬ್ರಿಯೆ ಟೆನ್‌ಬರ್ಕೆನ್. ಆಗ ಅವರಿಗೆ 27 ವರ್ಷದೊಳಗಿನ ವಯಸ್ಸು. ಸಂಗಡ ಯಾರೂ ಇರಲಿಲ್ಲ. ಕೈಯಲ್ಲಿ ಒಂದು ಬಿಳಿ ಕೋಲು ಇತ್ತು. ಏಕೆಂದರೆ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ.

ಸಬ್ರಿಯೆ ಹುಟ್ಟಿದ್ದು 1970ರಲ್ಲಿ. ಬಾಲ್ಯದಲ್ಲಿ ಅವರಿಗೆ ಸ್ವಲ್ಪ ದೃಷ್ಟಿ ಇತ್ತು. ಕಣ್ಣಿನ ಒಳಪರದೆಯ ರೋಗದಿಂದ ಅದು ದಿನೇ ದಿನೇ ಕಡಿಮೆಯಾಗುತ್ತಾ ಬಂತು. 12ನೆಯ ವಯಸ್ಸಿನ ಹೊತ್ತಿಗೆ ಪೂರ್ಣವಾಗಿ ಹೋಯಿತು. ಮುಂದೆ ಮಾರ್ಬುರ್ಗ್ ಎಂಬ ಊರಿನ ಅಂಧರ ಶಾಲೆಯಲ್ಲಿ ಅವರು ಓದಿದರು. ಬೋನ್ ನಗರದ ವಿಶ್ವವಿದ್ಯಾನಿಲಯದಲ್ಲಿ ಟಿಬೆಟನ್ ಭಾಷೆಯನ್ನು ಕಲಿಯತೊಡಗಿದರು. ಅಲ್ಲೊಂದು ತೊಡಕು ಎದುರಾಯಿತು. ಇಂಗ್ಲಿಷನ್ನೋ ಜರ್ಮನನ್ನೋ ಬೆರಳಿನಿಂದ ಓದಲು ಬ್ರೈಲ್ ಲಿಪಿ ಇತ್ತು. ಟಿಬೆಟನ್ ಭಾಷೆಗೆ ಅದು ಇರಲಿಲ್ಲ.

ಬ್ರೈಲ್ ಲಿಪಿಯ ವಿಷಯ ನಿಮಗೆ ತಿಳಿದಿರಬಹುದು. ಅದನ್ನು ರೂಪಿಸಿದವರು ಫ್ರಾನ್ಸ್ ದೇಶದ ಲೂಯಿ ಬ್ರೈಲ್. ಅವರು 1809ರಲ್ಲಿ ಹುಟ್ಟಿದರು. ತಂದೆಯ ಚರ್ಮದ ಕೆಲಸದ ಕೊಟ್ಟಿಗೆಯಲ್ಲಿ ಆಡುತ್ತಿದ್ದಾಗ ದಬ್ಬಳ ತಾಗಿ ಮೂರನೆಯ ವಯಸ್ಸಿನಲ್ಲೇ ಕಣ್ಣಿಗೆ ಗಾಯವಾಯಿತು. ಮುಂದೆ ಎರಡೂ ಕಣ್ಣು ಹೋದವು. 15ನೆಯ ವಯಸ್ಸಿನಲ್ಲಿ ಆ ಹುಡುಗ ಆರು ಚುಕ್ಕೆಗಳ ಲಿಪಿಯನ್ನು ಸಿದ್ಧಪಡಿಸಿದ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಇವುಗಳಲ್ಲಿ ಬೇಕಾದ ಚುಕ್ಕೆಗಳನ್ನು ಉಬ್ಬಿಸಿದರೆ 63 ಬಗೆಯ ಗುರುತುಗಳು ಸಿಗುತ್ತವೆ. ನಮ್ಮ ‘ಅ’ ಅಕ್ಷರಕ್ಕೆ 1ನೆಯ ಚುಕ್ಕೆ ಮಾತ್ರ. ‘ಕ’ ಅಕ್ಷರಕ್ಕೆ 1 ಮತ್ತು 3. ಭಾರತದ ಭಾಷೆಗಳಿಗೆಲ್ಲ ಸೇರಿ ಮಾಡಿದ ಭಾರತೀ ಬ್ರೈಲ್‌ನಲ್ಲಿ ಕನ್ನಡದ ‘ಕ’, ಮಲಯಾಳದ ‘ಕ’, ಹಿಂದಿಯ ‘ಕ’ ಮೂರಕ್ಕೂ ಒಂದೇ ಗುರುತು. ಕಣ್ಣಿನಿಂದ ಓದುವ ನಾವು ಮೂರು ಬಗೆಯ ಅಕ್ಷರಗಳನ್ನು ಕಲಿಯಬೇಕು. ಬೆರಳಿನಿಂದ ಓದುವವರಿಗೆ ಅಷ್ಟರ ಮಟ್ಟಿಗೆ ಲಾಭ!

ಟಿಬೆಟನ್ ಲಿಪಿಯೂ ನಮ್ಮ ಲಿಪಿಗಳ ದೂರದ ನೆಂಟನೇ. ಅದರ ಅಕ್ಷರಮಾಲೆಯೂ ಕ, ಖ, ಗ, ಙ ಎಂದೇ ಆರಂಭವಾಗುತ್ತದೆ. ಒಟ್ಟು 30 ವ್ಯಂಜನಗಳಿವೆ. ನಾವು ಒತ್ತಕ್ಷರ ಬರೆಯುವಂತೆ ಅವರೂ ಅಕ್ಷರಗಳನ್ನು ಒಂದರ ಕೆಳಗೊಂದು ಪೇರಿಸುತ್ತಾರೆ. ಬ್ರೈಲ್‌ನಲ್ಲಿ ಹಾಗೆ ಪೇರಿಸಲಾಗದು. ಒಂದರ ಪಕ್ಕದಲ್ಲಿ ಒಂದು ಬರಬೇಕು. ಸಬ್ರಿಯೆ ಯೋಚಿಸಿ, ಯೋಚಿಸಿ, 1992ರಲ್ಲಿ ಟಿಬೆಟನ್ ಭಾಷೆಗೆ ಬ್ರೈಲ್ ಲಿಪಿಯನ್ನು ರೂಪಿಸಿದರು. ತನ್ನ ಓದಿಗಾಗಿ ಮಾಡಿಕೊಂಡದ್ದು ಅದು. ಟಿಬೆಟಿನ ಮಕ್ಕಳಿಗೆ ಈ ಲಿಪಿ ಮುಟ್ಟಬೇಕಲ್ಲ ಎಂಬ ಆಸೆ ಆಮೇಲೆ ಬಂತು.

ಹೊರದೇಶಗಳಲ್ಲಿ ಸೇವೆ ಮಾಡುವ ಸಂಸ್ಥೆಗಳನ್ನು ಕೇಳಿದರೆ, ಕಣ್ಣು ಕಾಣದವರನ್ನು ಕಳುಹಿಸಲಾಗದು ಎಂಬ ಉತ್ತರ ಸಿಕ್ಕಿತು. ಆದ್ದರಿಂದ ಅವರು ತಾವಾಗಿಯೇ ಹೊರಟರು. ಲಾಸಾಕ್ಕೆ ಬಂದು, ಕೆಲವು ಸಂಗಡಿಗರೊಂದಿಗೆ ಕುದುರೆಯೇರಿ ಹಳ್ಳಿಹಳ್ಳಿ ಸುತ್ತಿದರು. ಅಲ್ಲಿ ಕಂಡದ್ದು ಸುಲಭವಾಗಿ ಮರೆಯುವಂಥದಲ್ಲ. ಕೆಲವು ಮಕ್ಕಳನ್ನು ಕತ್ತಲೆ ಕೋಣೆಯಲ್ಲಿ ಬಿಟ್ಟಿದ್ದರು. ಕೆಲವರನ್ನು ಮಂಚಕ್ಕೆ ಕಟ್ಟಿದ್ದರು. ತಂದೆತಾಯಿ ಹೊಲಕ್ಕೆ ಹೋದಾಗ ಮಗು ಎಲ್ಲಿಯಾದರೂ ಬಿದ್ದೀತು, ಬೆಂಕಿಗೆ ಕೈ ಹಾಕೀತು ಎಂಬ ಭಯ. ಅವರೆಲ್ಲ ಕ್ರೂರಿಗಳೆಂದು ಹೇಳಲಾಗದು. ಕಣ್ಣು ಕಾಣದ ಮಗು ನಡೆಯಲು ಕಲಿಯಬಲ್ಲದು ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಕಟ್ಟಿ ಹಾಕಿದ ಮಗು ನಡೆಯಲು ಹೇಗೆ ಕಲಿತೀತು?

ಲಾಸಾದಲ್ಲಿ ಸಬ್ರಿಯೆಗೆ ನೆದರ್ಲೆಂಡ್ಸ್ ದೇಶದ ಎಂಜಿನಿಯರ್ ಪಾಲ್ ಕ್ರೋನೆನ್‌ಬರ್ಗ್ ಪರಿಚಯವಾಯಿತು. ಇಬ್ಬರೂ ಸೇರಿ 1998ರಲ್ಲಿ ಅಲ್ಲಿ ಅಂಧ ಮಕ್ಕಳ ಶಾಲೆಯನ್ನು ಆರಂಭಿಸಿದರು. ಮುಂದೆ ಅವರ ಸಂಸ್ಥೆಗೆ ‘ಬ್ರೈಲ್ ವಿದೌಟ್ ಬಾರ್ಡರ್ಸ್’ ಎಂಬ ಹೆಸರಾಯಿತು. ಗಡಿಗಳಿಲ್ಲದ ಬ್ರೈಲ್ ಎಂದು ಅದರ ಅರ್ಥ.

ಶಾಲೆಯ ಮೊದಲ ಪಾಠ ಅಕ್ಷರವಲ್ಲ. ಕೋಲು ಹಿಡಿದು ನಡೆಯುವುದು, ಮುಖ ತೊಳೆಯುವುದು, ಬಟ್ಟೆ ಹಾಕಿಕೊಳ್ಳುವುದು, ತನ್ನ ಬಟ್ಟಲನ್ನು ತಾನೇ ತೊಳೆದಿಡುವುದು. ಆಮೇಲೆ ಬ್ರೈಲ್. ಟಿಬೆಟನ್, ಚೀನೀ ಮತ್ತು ಇಂಗ್ಲಿಷ್ ಹೀಗೆ ಮೂರು ಭಾಷೆಗಳನ್ನು ಅವರು ಕಲಿತರು. ಟಿಬೆಟನ್ ಮನೆಯ ಮಾತು. ಚೀನೀ ಕಚೇರಿಯ ಮತ್ತು ದೊಡ್ಡ ಶಾಲೆಗಳ ಮಾತು. ಇಂಗ್ಲಿಷ್ ಹೊರಗಿನ ಪ್ರಪಂಚದೊಂದಿಗೆ ಮಾತನಾಡಲು. ಮನೆಯಲ್ಲಿ ಕನ್ನಡ ಅಥವಾ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ ಕೇಳುವ ನಿಮಗೆ ಇದು ವಿಚಿತ್ರವೆನಿಸದು.

ಕಣ್ಣು ಕಾಣದ ಮಕ್ಕಳಿಗೆ ಇಂಗ್ಲಿಷ್ ಮಾತು ಕಲಿಸುವುದು ಹೇಗೆ? ಇದಕ್ಕಾಗಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಂಬಳವಿಲ್ಲದೆ ಹೋಗುವ ಸ್ವಯಂಸೇವಕರು ಇಂದು ಅನೇಕರಿದ್ದಾರೆ. ಕಣ್ಣು ಕಾಣುವ ಶಿಕ್ಷಕರಿಗೆ ಮೊದಲ ದಿನವೇ ತೊಂದರೆಯಾಗುತ್ತದೆ. ‘ಇದೇನು? ಅದೇನು?’ ಎಂದು ಬೆರಳು ತೋರಿಸಿ ಕೇಳುವುದು ಅವರ ಅಭ್ಯಾಸ. ಬೆರಳು ತೋರಿಸಿದರೆ ಇಲ್ಲಿ ಯಾರಿಗೆ ಕಂಡೀತು? ಚಿತ್ರದ ಪಟ ಪ್ರಯೋಜನಕ್ಕೆ ಬಾರದು. ಕಪ್ಪುಹಲಗೆಯೂ ಬೇಡ. ಸೇಬನ್ನು ಕೈಗೆ ಕೊಟ್ಟು ‘ಆ್ಯಪಲ್’ ಎನ್ನಬೇಕು. ಮಗು ಅದನ್ನು ಮುಟ್ಟಿ, ಮೂಸಿ, ಕಚ್ಚಿ ನೋಡಿದ ಮೇಲೆ ಆ ಪದ ಮರೆಯುವುದಿಲ್ಲ. ತಣ್ಣೀರಿನ ಲೋಟ, ಬಿಸಿನೀರಿನ ಲೋಟ ಎರಡನ್ನೂ ಮುಟ್ಟಿಸಿದರೆ ‘ಕೋಲ್ಡ್’, ‘ಹಾಟ್’ ಬರುತ್ತದೆ. ‘ಲೆಫ್ಟ್’, ‘ರೈಟ್’ ಕಲಿಯಲು ಅಂಗಳದಲ್ಲಿ ನಡೆಯಬೇಕು. ಶಿಕ್ಷಕರು ತಲೆಯಾಡಿಸಿ ಸುಮ್ಮನಿದ್ದರೆ ಮಗುವಿಗೆ ತನ್ನ ಉತ್ತರ ಸರಿಯೋ ತಪ್ಪೋ ಗೊತ್ತಾಗದು. ‘ಯೆಸ್’ ಎಂದು ಬಾಯಿಬಿಟ್ಟು ಹೇಳಬೇಕು. ಪ್ರಶ್ನೆ ಕೇಳುವಾಗ ಹೆಸರು ಹಿಡಿದು ಕರೆಯಬೇಕು. ಕೋಣೆಯಿಂದ ಹೊರಗೆ ಹೋಗುವಾಗಲೂ ಹೇಳಿ ಹೋಗಬೇಕು. ಇಲ್ಲವಾದರೆ ಮಗು ಖಾಲಿ ಕುರ್ಚಿಯೊಂದಿಗೆ ಮಾತನಾಡುತ್ತಾ ಕುಳಿತೀತು.

ಉಚ್ಚಾರಣೆಗೂ ಒಂದು ಉಪಾಯವಿದೆ. ನಾವು ಹೇಳುವವರ ತುಟಿ ನೋಡಿ ಕಲಿಯುತ್ತೇವೆ. ಅವರು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಸಿರನ್ನು ಗುರುತಿಸುತ್ತಾರೆ. ನೀವೂ ಕೈ ಹಿಡಿದು ‘ಪ’ ಎನ್ನಿರಿ, ಬಳಿಕ ‘ಫ’ ಎನ್ನಿರಿ. ಯಾವುದಕ್ಕೆ ಗಾಳಿ ಜೋರಾಗಿ ತಾಗಿತು?

ಇನ್ನೊಂದು ಮಾತು. ಹೊರಗಿನಿಂದ ಬಂದವರು ಎರಡು ವಾರ ಇದ್ದು, ಮಕ್ಕಳೊಂದಿಗೆ ಫೋಟೋ ತೆಗೆಸಿಕೊಂಡು ಹೋದರೆ ಪಾಠ ಮುಂದುವರಿಯುವುದಿಲ್ಲ. ಮಕ್ಕಳು ಅವರ ಸ್ವರವನ್ನು, ಹೆಜ್ಜೆಯ ಸದ್ದನ್ನು ಆಗಷ್ಟೇ ಗುರುತಿಸತೊಡಗಿರುತ್ತಾರೆ. ಸಬ್ರಿಯೆ ಊರಿನ ಭಾಷೆಯನ್ನು ಮೊದಲೇ ಕಲಿತು ಬಂದವರು, ವರ್ಷಗಟ್ಟಲೆ ನಿಂತವರು. ಮೊದಲು ಕಲಿತ ಮಕ್ಕಳೇ ಹೊಸಬರಿಗೆ ಕಲಿಸಬೇಕು, ತಾನು ಹೊರಟುಹೋದರೂ ಕೆಲಸ ನಿಲ್ಲಬಾರದು ಎಂಬುದು ಅವರ ಯೋಚನೆಯಾಗಿತ್ತು. ತಯಾರಾದ ಮಕ್ಕಳನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಕಣ್ಣು ಕಾಣುವ ಮಕ್ಕಳು ಓದುವ ಸಾಮಾನ್ಯ ಶಾಲೆಗಳಿಗೆ ಕಳುಹಿಸಿದರು.

ಒಮ್ಮೆ ಶಾಲೆಯ ಮಕ್ಕಳು ಲಾಸಾದ ಬೀದಿಯಲ್ಲಿ ಕೋಲು ಹಿಡಿದು ಹೋಗುತ್ತಿದ್ದರು. ಕೆಲವು ಅಲೆಮಾರಿಗಳು ಅವರನ್ನು ಕುರುಡರು, ದಡ್ಡರು ಎಂದು ಹೀಯಾಳಿಸಿದರು. ಮಕ್ಕಳಲ್ಲಿ ಒಬ್ಬರು ಹಿಂತಿರುಗಿ ನಿಂತು ಉತ್ತರ ಕೊಟ್ಟರಂತೆ. ಕಣ್ಣು ಕಾಣದು ನಿಜ, ಆದರೆ ದಡ್ಡರಲ್ಲ. ಶಾಲೆಗೆ ಹೋಗುತ್ತೇವೆ, ಓದುತ್ತೇವೆ, ಬರೆಯುತ್ತೇವೆ. ಕತ್ತಲಲ್ಲೂ ಓದಬಲ್ಲೆವು, ನೀವು ಓದಬಲ್ಲಿರಾ ಎಂಬ ಅರ್ಥದ ಉತ್ತರ ಅದು. ಸಬ್ರಿಯೆ ಈ ಸಂಗತಿಯನ್ನು ಸಂತೋಷದಿಂದ ಹೇಳಿಕೊಂಡಿದ್ದಾರೆ. ಹೀಯಾಳಿಸಿದವರಿಗೆ ಓದು ಬರುತ್ತಿತ್ತೋ ಇಲ್ಲವೋ!

2001ರಲ್ಲಿ ಅಮೆರಿಕದ ಎರಿಕ್ ವೈಹೆನ್‌ಮೇಯರ್ ಎವರೆಸ್ಟ್ ಶಿಖರವನ್ನು ಏರಿದರು. ಎವರೆಸ್ಟ್ ಏರಿದ ಮೊದಲ ಅಂಧ ವ್ಯಕ್ತಿ ಅವರು. ಸಬ್ರಿಯೆ ಅವರಿಗೆ ಪತ್ರ ಬರೆದರು. 2004ರಲ್ಲಿ ಅವರು ಬಂದು ಶಾಲೆಯ ಆರು ಮಕ್ಕಳನ್ನು ಎವರೆಸ್ಟ್ ಬಳಿಯ ಲಕ್ಪಾ ರಿ ಎಂಬ ಪರ್ವತಕ್ಕೆ ಕರೆದೊಯ್ದರು. ಅದು 7,000 ಮೀಟರಿಗಿಂತ ಹೆಚ್ಚು ಎತ್ತರವಿದೆ. ದಾರಿಯಲ್ಲಿ ತಲೆನೋವು, ವಾಂತಿ, ಉಸಿರಿನ ಕಷ್ಟ. ಪರ್ವತಾರೋಹಿಗಳಿಗೆ ತುದಿ ಮುಟ್ಟುವ ಆಸೆ. ತುದಿಯೊಂದೇ ಮುಖ್ಯವಲ್ಲ, ಮಕ್ಕಳು ಜೊತೆಯಾಗಿ ನಡೆಯುವುದು ಮುಖ್ಯ ಎಂದು ಸಬ್ರಿಯೆಯ ಅಭಿಪ್ರಾಯ. ಅವರೊಳಗೆ ವಾದವೇ ನಡೆಯಿತು. ಕೊನೆಗೆ ತುದಿ ಮುಟ್ಟದೆ ಹಿಂತಿರುಗಿದರು. ಆದರೂ ಸುಮಾರು 6,500 ಮೀಟರ್ ಎತ್ತರದವರೆಗೆ ಹೋಗಿದ್ದರು. ಈ ಪ್ರಯಾಣದ ಕುರಿತು ‘ಬ್ಲೈಂಡ್‌ಸೈಟ್’ ಎಂಬ ಚಲನಚಿತ್ರ 2006ರಲ್ಲಿ ಬಂತು. ಅದರಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಮಾತನಾಡುವುದನ್ನು ಕೇಳಬಹುದು.

ಸಬ್ರಿಯೆ ಮತ್ತು ಪಾಲ್ ಮುಂದೆ ನಮ್ಮ ರಾಜ್ಯಕ್ಕೇ ಬಂದರು! ತಿರುವನಂತಪುರದ ವೆಳ್ಳಾಯಣಿ ಸರೋವರದ ದಡದಲ್ಲಿ 2009ರಲ್ಲಿ ಒಂದು ತರಬೇತಿ ಕೇಂದ್ರವನ್ನು ತೆರೆದರು. ಅದರ ಹೆಸರು ‘ಕಾಂತಾರಿ’. ಹಿತ್ತಿಲಲ್ಲಿ ತಾನಾಗಿ ಬೆಳೆಯುವ, ಗಾತ್ರದಲ್ಲಿ ಚಿಕ್ಕದಾದರೂ ಬಾಯಿ ಸುಡುವ ಆ ಮೆಣಸು ನಿಮಗೆ ಗೊತ್ತೇ ಇದೆ. ನಾವು ಗಾಂಧಾರಿ ಮೆಣಸು, ಜೀರಿಗೆ ಮೆಣಸು ಎನ್ನುತ್ತೇವೆ. ಹಲವು ದೇಶಗಳಿಂದ, ಕಷ್ಟಗಳನ್ನು ಉಂಡು ಬಂದವರು ಇಲ್ಲಿ ಸೇರುತ್ತಾರೆ. ಅವರಲ್ಲಿ ಕಣ್ಣು ಕಾಣದವರೂ ಇದ್ದಾರೆ. ತಮ್ಮ ಊರಿಗೆ ಹಿಂತಿರುಗಿ ಏನನ್ನಾದರೂ ಆರಂಭಿಸುವುದು ಹೇಗೆಂದು ಕಲಿಯುತ್ತಾರೆ. ಅವರನ್ನು ಒಂದುಗೂಡಿಸುವ ಮಾತು ಇಂಗ್ಲಿಷ್. ಲಾಸಾ ಶಾಲೆಯಲ್ಲಿ ಅಕ್ಷರ ಕಲಿತ ಒಬ್ಬ ಹುಡುಗಿಯೂ ಇಲ್ಲಿಗೆ ಬಂದು ತರಬೇತಿ ಪಡೆದಳು. ಬಳಿಕ ಟಿಬೆಟಿಗೆ ಹಿಂತಿರುಗಿ ಒಂದು ಶಿಶುವಿಹಾರ ತೆರೆದಳು. ಕಣ್ಣು ಕಾಣುವ ಮಕ್ಕಳೂ ಕಾಣದ ಮಕ್ಕಳೂ ಅಲ್ಲಿ ಒಟ್ಟಿಗೆ ಆಡಿದರು.

ಪದಗಳ ಅರ್ಥ

ತೀಕ್ಷ್ಣ – ಹರಿತವಾದ, ಚುರುಕಾದ
ದಬ್ಬಳ – ಚರ್ಮ ಹೊಲಿಯುವ ದೊಡ್ಡ ಸೂಜಿ
ತೊಡಕು – ಅಡ್ಡಿ
ಪೇರಿಸು – ಒಂದರ ಮೇಲೊಂದು ಇಡು
ಹೀಯಾಳಿಸು – ಅವಮಾನವಾಗುವಂತೆ ಮಾತನಾಡು
ಸ್ವಯಂಸೇವಕ – ಪ್ರತಿಫಲ ಬಯಸದೆ ತಾನಾಗಿ ದುಡಿಯುವವನು

ಅಭ್ಯಾಸ

1. ಟಿಬೆಟಿನಲ್ಲಿ ಕಣ್ಣಿನ ರೋಗಗಳು ಹೆಚ್ಚಾಗಿರಲು ಕಾರಣಗಳೇನು? ಜನರು ಏನೆಂದು ನಂಬಿದ್ದರು?
2. ಟಿಬೆಟನ್ ಬ್ರೈಲ್ ಲಿಪಿಯನ್ನು ರೂಪಿಸುವಾಗ ಅಕ್ಷರಗಳನ್ನು ಪೇರಿಸಲು ಏಕೆ ಆಗಲಿಲ್ಲ?
3. ಪರ್ವತದ ತುದಿ ಮುಟ್ಟಬೇಕೆಂಬವರು ಸರಿಯೋ, ಸಬ್ರಿಯೆ ಸರಿಯೋ? ಎರಡು ಗುಂಪುಗಳಾಗಿ ಚರ್ಚಿಸಿರಿ.
4. ದಪ್ಪ ಕಾಗದದ ಹಿಂಬದಿಯಿಂದ ಸೂಜಿಮೊನೆಯಲ್ಲಿ ಮೆಲ್ಲನೆ ಒತ್ತಿ ‘ಅ’ ಮತ್ತು ‘ಕ’ ಅಕ್ಷರಗಳನ್ನು ಬ್ರೈಲ್‌ನಲ್ಲಿ ಬರೆಯಿರಿ. ಗೆಳೆಯರು ಕಣ್ಣು ಮುಚ್ಚಿ ಓದಲಿ. (ಸೂಚನೆ: ಹಿಂಬದಿಯಿಂದ ಒತ್ತುವಾಗ ಎಡ ಬಲ ಅದಲುಬದಲಾಗುತ್ತದೆ.)
5. ನಿಮ್ಮ ತರಗತಿಗೆ ಕಣ್ಣು ಕಾಣದ, ಕನ್ನಡ ತಿಳಿಯದ ಒಬ್ಬ ಗೆಳತಿ ಬಂದಿದ್ದಾಳೆ. ‘ಮಳೆ’, ‘ಕೊಡೆ’, ‘ತೆಂಗಿನಕಾಯಿ’, ‘ದೂರ’ ಈ ನಾಲ್ಕು ಪದಗಳನ್ನು ಅವಳಿಗೆ ಹೇಗೆ ಕಲಿಸುವಿರಿ? ನಾಲ್ಕನೆಯದು ಸ್ವಲ್ಪ ಕಷ್ಟ. ಯೋಚಿಸಿ ಬರೆಯಿರಿ.