ವಿದ್ಯಾಸ್ಥಾನದ ಆಯ್ಕೆ: ಮುಂಬಯಿಯ ಮೂರು ನಿದರ್ಶನಗಳು

ಉನ್ನತ ವ್ಯಾಸಂಗಕ್ಕಾಗಿ ಪರದೇಶಕ್ಕೆ ಹೋಗುವ ವಿದ್ಯಾರ್ಥಿಯು ತನ್ನ ವಿದ್ಯಾಸ್ಥಾನವನ್ನು ಹೇಗೆ ಆರಿಸಿಕೊಳ್ಳುತ್ತಾನೆ ಎಂಬುದು ಸಾಹಿತ್ಯದ ಅಭ್ಯಾಸಿಗಳಿಗೆ ಸಂಬಂಧಪಡದ ಪ್ರಶ್ನೆಯೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಆಧುನಿಕ ಕನ್ನಡ ಸಾಹಿತ್ಯದ ಕೆಲವು ಮುಖ್ಯ ತಿರುವುಗಳ ಹಿಂದೆ ಇಂತಹ ಪಯಣಗಳಿವೆ. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ಪರಿಸರದಿಂದ ಹೊರಟ ಮೂವರ ನಿದರ್ಶನಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಡಾ. ಬಿ. ಆರ್. ಅಂಬೇಡ್ಕರರದು. ಅವರು ಕನ್ನಡಿಗರಲ್ಲವಾದರೂ ಪ್ರಶ್ನೆಯ ಮೂಲವನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು. ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವಿ ಪಡೆದ ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ವ್ಯಾಸಂಗ ಮುಗಿದ ಮೇಲೆ ಸಂಸ್ಥಾನದ ಸೇವೆಗೆ ಬರಬೇಕೆಂಬ ಕರಾರೂ ಅದಕ್ಕಿತ್ತು. 1916ರಲ್ಲಿ ಲಂಡನ್ನಿಗೆ ತೆರಳಿದ ಅವರು ವೇತನದ ಅವಧಿ ಮುಗಿದುದರಿಂದ ಮರುವರ್ಷವೇ ವ್ಯಾಸಂಗವನ್ನು ಅರ್ಧದಲ್ಲಿ ಬಿಟ್ಟು ಮರಳಬೇಕಾಯಿತು. ಅನಂತರ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿ ಹಣ ಕೂಡಿಸಿ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವನ್ನೂ ಪಡೆದು, 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು, 1923ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ಮೊದಲ ಪಯಣದ ಅವಧಿಯನ್ನು ವೇತನವೇ ಗೊತ್ತುಪಡಿಸಿತ್ತು. ಎರಡನೆಯದನ್ನು ಅವರೇ ಗೊತ್ತುಪಡಿಸಿಕೊಂಡರು. ಆ ಸ್ವಾತಂತ್ರ್ಯಕ್ಕೆ ಮೂರು ವರ್ಷಗಳ ಬೆಲೆಯನ್ನು ತೆರಬೇಕಾಯಿತು.

ಎರಡನೆಯದು ವಿ. ಕೃ. ಗೋಕಾಕರದು. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಸ್ಥಾಪನೆಯಾಗುವ ಮೊದಲು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಧಾರವಾಡದಲ್ಲಿ ಓದಿ ಪುಣೆಯಲ್ಲಿ ಅಧ್ಯಾಪಕರಾಗಿದ್ದ ಗೋಕಾಕರನ್ನು ಡೆಕ್ಕನ್ ಎಜುಕೇಶನ್ ಸೊಸೈಟಿಯು 1936ರಲ್ಲಿ ಆಕ್ಸ್‌ಫರ್ಡಿಗೆ ಕಳುಹಿಸಿತು. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕನಿಗೆ ಅಲ್ಲಿನ ಪದವಿ ತರುತ್ತಿದ್ದ ಮನ್ನಣೆ ಅಂದಿನ ಸಾಮ್ರಾಜ್ಯ ವ್ಯವಸ್ಥೆಯಲ್ಲಿ ದೊಡ್ಡದು. ಹೀಗೆ ಸಂಸ್ಥೆ, ವಿಷಯ, ಕಾಲ ಈ ಮೂರೂ ಕೂಡಿ ಊರನ್ನು ಗೊತ್ತುಮಾಡಿದ್ದವು. ಆದರೆ ಆ ಪಯಣದಿಂದ ಕನ್ನಡಕ್ಕೆ ಬಂದ ‘ಸಮುದ್ರ ಗೀತೆಗಳು’ ಸಂಕಲನವನ್ನಾಗಲಿ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಸಾಹಿತ್ಯವನ್ನಾಗಲಿ ಯಾವ ಸಂಸ್ಥೆಯೂ ಬೇಡಿರಲಿಲ್ಲ. ಕಳುಹಿಸಿದವರ ಅಪೇಕ್ಷೆ ಒಂದು, ಹೋದವರು ತಂದದ್ದು ಇನ್ನೊಂದು.

ಮೂರನೆಯದು ಯಶವಂತ ಚಿತ್ತಾಲರದು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಅವರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನೂ ಪ್ಲಾಸ್ಟಿಕ್ ತಂತ್ರಜ್ಞಾನವನ್ನೂ ಓದಿದರು. ಮುಂದೆ ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅವರ ಅಂತರಂಗದ ಕಾರಣಗಳನ್ನು ನಾವು ಊಹಿಸಬೇಕಾಗಿಲ್ಲ. ಗೋಕಾಕರ ಕಾಲದಲ್ಲಿ ಇಂಗ್ಲೆಂಡಿನತ್ತ ನೋಡುತ್ತಿದ್ದ ಕಣ್ಣು ಸ್ವಾತಂತ್ರ್ಯಾನಂತರ, ವಿಶೇಷತಃ ತಾಂತ್ರಿಕ ವಿದ್ಯೆಯಲ್ಲಿ, ಅಮೆರಿಕದತ್ತ ಹೊರಳಿದ್ದಕ್ಕೆ ಅವರ ಪಯಣ ಸಾಕ್ಷಿಯಾಗಿದೆ. ಮರಳಿ ಬಂದ ಚಿತ್ತಾಲರು ಮುಂಬಯಿಯ ಉದ್ಯಮದಲ್ಲಿ ದುಡಿಯುತ್ತ, 1979ರ ‘ಶಿಕಾರಿ’ಯಲ್ಲಿ ಅದೇ ಉದ್ಯಮ ಜಗತ್ತಿನ ಕ್ರೌರ್ಯವನ್ನು ಶೋಧಿಸಿದರು. ಅವರ ಕಥನದ ಮತ್ತೊಂದು ನೆಲೆ ಹನೇಹಳ್ಳಿಯೇ ಆಗಿ ಉಳಿಯಿತು.

ಈ ಮೂರು ನಿದರ್ಶನಗಳಿಂದ ಒಂದು ಮಾತು ಹೊರಡುತ್ತದೆ. ‘ಆಯ್ಕೆ’ ಎಂದು ನಾವು ಕರೆಯುವುದರ ಬಹುಭಾಗವನ್ನು ಹಣ, ಆಶ್ರಯದಾತರು ಮತ್ತು ಅಧ್ಯಯನ ವಿಷಯ ಮೊದಲೇ ನಿರ್ಧರಿಸಿರುತ್ತವೆ. ಇಂದು ಮುಲುಂಡ್, ಡೊಂಬಿವಲಿಗಳ ಕನ್ನಡ ಮನೆಗಳಲ್ಲಿ ಸಂಸ್ಥಾನದ ವೇತನದ ಸ್ಥಾನದಲ್ಲಿ ಬ್ಯಾಂಕಿನ ಸಾಲವಿದೆ. ಶುಲ್ಕ, ವೀಸಾ, ಓದಿನ ನಂತರದ ಉದ್ಯೋಗಾವಕಾಶ, ಅಲ್ಲಿ ಮೊದಲೇ ನೆಲೆಸಿದ ಬಂಧುಗಳು ಇವೆಲ್ಲವನ್ನೂ ತೂಗಿ ನೋಡಿದ ಮೇಲೆ ವಿದ್ಯಾರ್ಥಿಯ ಸ್ವಂತ ಒಲವಿಗೆ ಉಳಿಯುವ ಜಾಗ ಕಿರಿದು. ಸಾಲದ ಕರಾರು ಸಂಸ್ಥಾನದ ಕರಾರಿಗಿಂತ ಮೃದುವಾದುದೇನೂ ಅಲ್ಲ. ಅಂದಿನ ಕರಾರು ವಿದ್ಯಾರ್ಥಿಯನ್ನು ಮರಳಿ ಕರೆಯುತ್ತಿತ್ತು. ಸಾಲ ತೀರಿಸುವ ಹೊರೆ ಅನೇಕರನ್ನು ಅಲ್ಲಿಯೇ ನಿಲ್ಲಿಸುತ್ತದೆ.

ಆದುದರಿಂದ ನಮ್ಮ ಅಭ್ಯಾಸಿಗಳು ಪ್ರವಾಸ ಸಾಹಿತ್ಯವನ್ನೂ ಲೇಖಕರ ಜೀವನ ವೃತ್ತಾಂತಗಳನ್ನೂ ಓದುವಾಗ, ಲೇಖಕನು ಎಲ್ಲಿಗೆ ಹೋದನೆಂಬುದರ ಜೊತೆಗೆ ಯಾರ ಹಣದಿಂದ, ಯಾವ ಕರಾರಿನ ಮೇಲೆ ಹೋದನೆಂಬುದನ್ನೂ ಕೇಳಬೇಕು. ಆ ಬಳಿಕವೇ ಅವನು ತನ್ನ ಭಾಷೆಗೆ ಸ್ವಇಚ್ಛೆಯಿಂದ ಕೊಟ್ಟದ್ದರ ಬೆಲೆ ತಿಳಿಯುತ್ತದೆ.