ನೀರು ಯಾರ ಮನೆ ಕಡೆ ತಿರುಗಿತು? ಪ್ರಕೃತಿ ವಿಕೋಪ ಮತ್ತು ನಮ್ಮ ಪ್ರಾರ್ಥನೆ

ಓದುವ ಭಾಗ: ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ, ಲೂಕ 13:1-5, ಅಪೊಸ್ತಲರ ಕೃತ್ಯಗಳು 11:27-30

ಕೂತ್ಕೊಳ್ಳಿ. ಆ ಫ್ಯಾನ್ ಸ್ವಲ್ಪ ಕಡಿಮೆ ಮಾಡಿ ಬ್ರದರ್, ಬೈಬಲ್ ಪುಟ ಹಾರ್ತಾ ಇದೆ.

ಹಿಂದಿನ ಯೂತ್ ಮೀಟಿಂಗ್‌ನಲ್ಲಿ ಪ್ರಶ್ನೆ ಡಬ್ಬಿ ಇಟ್ಟಿದ್ವಿ, ನೆನಪಿದೆಯಲ್ಲ? ಹೆಸರು ಬರೀಬೇಡಿ, ಪ್ರಶ್ನೆ ಮಾತ್ರ ಬರೀರಿ ಅಂದಿದ್ದೆ. ಅದರಲ್ಲಿ ಒಂದು ಚೀಟಿ ನನ್ನ ಜೇಬಿನಲ್ಲೇ ಉಳೀತು. ಅದರಲ್ಲಿ ಹೀಗಿತ್ತು: "ಬ್ರದರ್, ಮಳೆ ಬರುತ್ತೆ ಅಂತ ಹವಾಮಾನ ಇಲಾಖೆ ಮೊದಲೇ ಹೇಳುತ್ತೆ. ಹೇಳಿದ ಹಾಗೆ ಬರುತ್ತೆ. ಪ್ರಾರ್ಥನೆ ಮಾಡಿದವರ ಮನೆಗೂ ನೀರು ನುಗ್ಗುತ್ತೆ, ಮಾಡದವರ ಮನೆಗೂ ನುಗ್ಗುತ್ತೆ. ಹಾಗಾದರೆ ನಾವು ಯಾಕೆ ಪ್ರಾರ್ಥನೆ ಮಾಡ್ತೀವಿ?"

ಬರೆದವರು ಇಲ್ಲೇ ಕೂತಿರಬಹುದು. ಇದು ಅವಿಶ್ವಾಸದ ಪ್ರಶ್ನೆ ಅಂತ ಯಾರೂ ತಿರುಗಿ ನೋಡಬೇಡಿ. ಇದೇ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ನಮ್ಮ ಸಭೆಯ ಒಬ್ಬ ಸಹೋದರಿ. ಅವತ್ತು ನಾನು ಕೊಟ್ಟ ಉತ್ತರ ತಪ್ಪು. ಅದನ್ನೇ ಇವತ್ತು ಹೇಳ್ತೀನಿ.

2022ರ ಸೆಪ್ಟೆಂಬರ್ 4, ಭಾನುವಾರ. ಬೆಳಗ್ಗೆ ಆರಾಧನೆ ಮುಗಿಸಿ ಮನೆಗೆ ಹೋಗಿದ್ವಿ. ರಾತ್ರಿ ಮಳೆ ಹಿಡೀತು. ಮರುದಿನ ಬೆಳಗ್ಗೆ ಎಂಟೂವರೆಗೆ ಲೆಕ್ಕ ಹಾಕಿದಾಗ 24 ಗಂಟೆಯಲ್ಲಿ ನಗರದಲ್ಲಿ ಬಿದ್ದದ್ದು 131.6 ಮಿಲಿಮೀಟರ್. ಔಟರ್ ರಿಂಗ್ ರೋಡ್, ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಎಲ್ಲಾ ನೀರು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಹೊರಗೆ ತಂದರು, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನಿಮ್ಮಲ್ಲೂ ಕೆಲವರು ಹೋಗಿದ್ದೀರಿ, ಫೋಟೋ ನಾನು ನೋಡಿದ್ದೀನಿ. ಅತ್ತ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್ ಹೌಸ್‌ಗೇ ನೀರು ನುಗ್ಗಿ ಕಾವೇರಿ ನೀರು ನಿಂತಿತು. ಮನೆ ತುಂಬ ನೀರು, ಕುಡಿಯೋಕೆ ಒಂದು ಬಿಂದಿಗೆ ಇಲ್ಲ. ಸೋಮವಾರ ರಾತ್ರಿ ನಮ್ಮ ವೈಟ್‌ಫೀಲ್ಡ್ ಪಕ್ಕದ ಸಿದ್ದಾಪುರದಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟ ಒಬ್ಬ ಯುವತಿ ನೀರು ನಿಂತ ರಸ್ತೆಯಲ್ಲಿ ಕಂಬ ಮುಟ್ಟಿ ಕರೆಂಟ್ ಹೊಡೆದು ತೀರಿಕೊಂಡಳು.

ಆ ಭಾನುವಾರ ರಾತ್ರಿ ನಮ್ಮ ಸಭೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಸರಪಳಿ ಪ್ರಾರ್ಥನೆ ನಡೀತು, ಅರ್ಧರ್ಧ ಗಂಟೆಗೆ ಒಬ್ಬೊಬ್ಬರು. ನನ್ನ ಪಾಲಿಗೆ ಬಂದದ್ದು ಎರಡರಿಂದ ಎರಡೂವರೆ. ನಾನಿರೋದು ಮೂರನೇ ಮಹಡಿಯ ಬಾಡಿಗೆ ಮನೆ. ಹಾಲ್‌ನಲ್ಲಿ ಓಡಾಡ್ತಾ, ಅನ್ಯಭಾಷೆಯಲ್ಲಿ, ಕಣ್ಣೀರಿನಿಂದ ಪ್ರಾರ್ಥನೆ ಮಾಡಿದೆ. ಅದು ನಾಟಕ ಆಗಿರಲಿಲ್ಲ. ಇದನ್ನು ಯಾಕೆ ಹೇಳ್ತೀನಿ ಅಂದ್ರೆ, ಮುಂದೆ ಹೇಳೋದನ್ನು ಕೇಳಿ "ಬ್ರದರ್‌ಗೆ ಪ್ರಾರ್ಥನೆ ಮೇಲೆ ನಂಬಿಕೆ ಹೋಗಿದೆ" ಅಂತ ಯಾರೂ ಅಂದುಕೊಳ್ಳಬಾರದು.

ಮುಂದಿನ ಭಾನುವಾರ ಸಾಕ್ಷಿಯ ಸಮಯ. ಒಬ್ಬ ಸಹೋದರ ಎದ್ದು ಬಂದು ಹೇಳಿದ್ರು: ನೀರು ನಮ್ಮ ಅಪಾರ್ಟ್‌ಮೆಂಟ್ ಗೇಟಿನ ತನಕ ಬಂತು, ನಾವು ಕುಟುಂಬವಾಗಿ 91ನೇ ಕೀರ್ತನೆ ಹಿಡಿದು ಪ್ರಾರ್ಥನೆ ಮಾಡಿದ್ವಿ, ನೀರು ಗೇಟ್ ದಾಟಲಿಲ್ಲ, ಇನ್ನೊಂದು ಕಡೆ ತಿರುಗಿ ಹೋಯಿತು. ಸಭೆಯೆಲ್ಲಾ ಚಪ್ಪಾಳೆ. ಮೈಕ್ ಇದ್ದದ್ದು ನನ್ನ ಕೈಯಲ್ಲಿ. ಎಲ್ಲರಿಗಿಂತ ಜೋರಾಗಿ ಹಲ್ಲೆಲೂಯಾ ಅಂದವನು ನಾನೇ.

ಆರಾಧನೆ ಮುಗಿದ ಮೇಲೆ ಒಬ್ಬ ಸಹೋದರಿ ಚಪ್ಪಲಿ ಸ್ಟ್ಯಾಂಡ್ ಹತ್ತಿರ ನಿಂತಿದ್ರು. ರಾಯಚೂರು ಕಡೆಯವರು, ಮನೆಗೆಲಸ ಮಾಡ್ತಾರೆ, ಆಗ ಮುನ್ನೇಕೊಳಾಲದ ಹತ್ತಿರ ತಗಡಿನ ಶೆಡ್‌ನಲ್ಲಿ ಇದ್ದರು. ಮೆಲ್ಲಗೆ ಕೇಳಿದ್ರು: "ಅಣ್ಣಾರ, ನಾನೂ ಪ್ರಾರ್ಥನಾ ಮಾಡಿದ್ನಿರಿ. ನಮ್ಮ ಮನಿಯಾಗ ಎದಿಮಟ ನೀರು ಬಂತ್ರಿ. ನನ್ನ ಪ್ರಾರ್ಥನಾದಾಗ ಏನ್ ತಪ್ಪಿತ್ರಿ?"

ನಾನು ಏನಂದೆ ಗೊತ್ತಾ? "ದೇವರಿಗೆ ಒಂದು ಉದ್ದೇಶ ಇರುತ್ತೆ ಸಿಸ್ಟರ್." ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಮಾಡಿದವನ ಬಾಯಲ್ಲಿ ಬಂದದ್ದು ಇಷ್ಟೇ. ಆಕೆ ತಲೆ ಆಡಿಸಿ ಮಗುವಿನ ಕೈ ಹಿಡಿದು ಹೋದ್ರು. ಆಮೇಲೆ ಆರು ವಾರ ಸಭೆಗೆ ಬರಲಿಲ್ಲ.

ಪ್ರಿಯರೇ, ಆ ಸಾಕ್ಷಿಯಲ್ಲಿ ಸುಳ್ಳಿರಲಿಲ್ಲ. ಆ ಸಹೋದರ ಒಳ್ಳೆಯವರು, ನಿಜವಾಗಿ ಪ್ರಾರ್ಥನೆ ಮಾಡಿದ್ದರು. ಆದರೆ "ಇನ್ನೊಂದು ಕಡೆ ತಿರುಗಿತು" ಅಂದ್ರಲ್ಲ, ಆ ಇನ್ನೊಂದು ಕಡೆ ಯಾರಿದ್ದರು? ಬೆಂಗಳೂರಿನಲ್ಲಿ ದೊಡ್ಡ ನದಿ ಇಲ್ಲ. ಮಳೆ ನೀರು ರಾಜಕಾಲುವೆ ಹಿಡಿದು ಒಂದು ಕೆರೆ ತುಂಬಿ, ಕೋಡಿ ಬಿದ್ದು, ಇನ್ನೊಂದು ಕೆರೆಗೆ ಹೋಗಬೇಕು. ಬೆಳ್ಳಂದೂರು ತುಂಬಿ ವರ್ತೂರಿಗೆ, ವರ್ತೂರಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ದಾರಿ ಮುಚ್ಚಿದರೆ ನೀರು ಮಾಯ ಆಗಲ್ಲ, ತಗ್ಗು ಹುಡುಕುತ್ತೆ. ತಗ್ಗಿನಲ್ಲಿ ಬಾಡಿಗೆ ಕಡಿಮೆ. ಬಾಡಿಗೆ ಕಡಿಮೆ ಇರೋ ಕಡೆ ನಮ್ಮ ಸಹೋದರಿಯ ಶೆಡ್ ಇತ್ತು.

ಇದು ನಮ್ಮೂರಿಗೆ ಮಾತ್ರ ಬಂದ ಪ್ರಶ್ನೆ ಅಲ್ಲ. 1755ರ ನವೆಂಬರ್ 1ರಂದು ಲಿಸ್ಬನ್‌ನಲ್ಲಿ ಭೂಕಂಪ ಆಯಿತು. ಅವತ್ತು ಸಕಲ ಸಂತರ ಹಬ್ಬ, ಜನ ಚರ್ಚ್‌ಗಳಲ್ಲಿ ಆರಾಧನೆಯಲ್ಲಿದ್ದರು, ಚರ್ಚ್‌ಗಳೇ ಅವರ ಮೇಲೆ ಬಿದ್ದವು. ನಮಗೆ ಹತ್ತಿರದ್ದು ಬೇಕಾದರೆ 2004ರ ಡಿಸೆಂಬರ್ 26. ಅದೂ ಭಾನುವಾರವೇ, ಕ್ರಿಸ್‌ಮಸ್ ಮರುದಿನ. ಬೆಂಗಳೂರಿಂದ ಎಷ್ಟು ಜನ ವೇಲಾಂಕಣಿಗೆ ಹೋಗ್ತಾರೆ ಅಂತ ನಿಮಗೆ ಗೊತ್ತು. ನಮ್ಮ ಸಭೆಯಲ್ಲೇ ಹಲವರ ಅಜ್ಜ ಅಜ್ಜಿ ಹೋಗ್ತಿದ್ದರು. ಸುನಾಮಿ ನೀರು ದೇವಾಲಯದ ಒಳಗೆ ಬರಲಿಲ್ಲ, ಅದ್ಭುತ ಅಂತ ಜನ ಇವತ್ತಿಗೂ ಹೇಳ್ತಾರೆ. ಅದೇ ಬೆಳಗ್ಗೆ ಅದೇ ಊರಿನ ಕಡಲ ತೀರದಲ್ಲಿ ನೂರಾರು ಯಾತ್ರಿಕರು ಸತ್ತರು. ಅವರೂ ಪ್ರಾರ್ಥನೆಗೇ ಬಂದಿದ್ದವರು.

ಯೇಸುಸ್ವಾಮಿ ಇದ್ದ ಕಾಲದಲ್ಲೂ ಇಂಥದ್ದು ಆಗಿತ್ತು. ಲೂಕ 13 ತೆಗೀರಿ. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಸತ್ತವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೇನು ಅಂತ ಕರ್ತನೇ ಕೇಳಿ, ಅಲ್ಲ ಅಂತ ಕರ್ತನೇ ಉತ್ತರ ಕೊಡ್ತಾರೆ. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿಯವರು ಅಡಿಯಲ್ಲಿ ಸಿಕ್ಕಿ ಸತ್ತಾಗ ನನಗೆ ನೆನಪಾದದ್ದು ಇದೇ ಭಾಗ. ಆದರೆ ಕರ್ತನು "ಅಲ್ಲ" ಅಂದು ಅಲ್ಲಿಗೇ ಬಿಡಲಿಲ್ಲ. ಸುದ್ದಿ ಕೇಳ್ತಾ ನಿಂತವರ ಕಡೆ ತಿರುಗಿ, ನೀವು ಮಾನಸಾಂತರ ಪಡೀರಿ ಅಂದರು. ಸತ್ತವರ ಲೆಕ್ಕ ನಮಗೆ ಕೊಡಲಿಲ್ಲ, ನಮ್ಮ ಲೆಕ್ಕ ಕೇಳಿದರು.

ಇನ್ನು ಅಪೊಸ್ತಲರ ಕೃತ್ಯಗಳು 27. ಇವತ್ತಿನ ಪಾಠ ಇಲ್ಲಿದೆ. ನಿಮ್ಮಲ್ಲಿ ಬಹಳ ಜನ ಈ ಅಧ್ಯಾಯವನ್ನು ಊರುಗಳ ಹೆಸರು ಜಾಸ್ತಿ ಅಂತ ಬೇಗ ಬೇಗ ತಿರುವಿ ಹಾಕಿರ್ತೀರಿ. ನಾನೂ ಹಾಗೇ ಮಾಡ್ತಿದ್ದೆ. ಪೌಲ ಕೈದಿಯಾಗಿ ರೋಮಿಗೆ ಹೋಗ್ತಿದ್ದಾನೆ, ಹಡಗಿನಲ್ಲಿ 276 ಜನ. ಚಳಿಗಾಲ ಹತ್ತಿರ. ಪೌಲ ಮೊದಲೇ ಹೇಳಿದ, ಈಗ ಹೊರಟರೆ ಸರಕು, ಹಡಗು, ಪ್ರಾಣ ಎಲ್ಲಕ್ಕೂ ಅಪಾಯ. ಶತಾಧಿಪತಿ ಯಾರ ಮಾತು ಕೇಳಿದ? ಹಡಗು ನಡೆಸುವವನದ್ದು, ಹಡಗಿನ ಮಾಲೀಕನದ್ದು. 13ನೇ ವಚನ ನೋಡಿ, ದಕ್ಷಿಣದ ಗಾಳಿ ಮೆಲ್ಲಗೆ ಬೀಸಿತು. ಎಲ್ಲಾ ಸರಿಯಿದೆ ಅಂದುಕೊಂಡು ಹೊರಟರು. ಆಮೇಲೆ ಬಿರುಗಾಳಿ.

ನಮ್ಮ ಊರಿಗೂ ಹೇಳಿದವರಿದ್ದರು. 1980ರ ದಶಕದಲ್ಲೇ ಲಕ್ಷ್ಮಣ ರಾವ್ ಸಮಿತಿ ಕೆರೆಗಳನ್ನು ಉಳಿಸಿ ಅಂತ ವರದಿ ಕೊಟ್ಟಿತು. 2007ರಲ್ಲಿ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಒತ್ತುವರಿಗಳ ಲೆಕ್ಕವನ್ನೇ ಇಟ್ಟಿತು. ಗಾಳಿ ಮೆಲ್ಲಗೆ ಬೀಸ್ತಿತ್ತು, ಊರು ಮುಂದೆ ಹೋಯಿತು. ಬರೀ ಸರ್ಕಾರವನ್ನು ಬಯ್ಯೋಕೆ ಇದನ್ನು ಹೇಳ್ತಿಲ್ಲ. ನಾನೂ ವರ್ತೂರು ಕಡೆ ಸೈಟ್ ನೋಡೋಕೆ ಹೋಗಿದ್ದೆ. ಚದರಡಿಗೆ ಎಷ್ಟು ಅಂತ ಕೇಳಿದೆ, ಮೆಟ್ರೋ ಎಷ್ಟು ದೂರ ಅಂತ ಕೇಳಿದೆ. ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಲಿಲ್ಲ. ಕರ್ತನು ಮಾನಸಾಂತರ ಅಂದಾಗ ನನಗೆ ಆ ಸೈಟ್ ನೆನಪಾಗುತ್ತೆ.

ಈಗ ಬಿರುಗಾಳಿಯ ಮಧ್ಯೆ ಪೌಲ. ಆತ ಪ್ರಾರ್ಥನೆ ಮಾಡಿರಲೇಬೇಕು, ರಾತ್ರಿ ದೇವದೂತ ಬಂದು ನಿಂತ. ಆದರೆ ದೂತ ಬಿರುಗಾಳಿ ನಿಲ್ಲುತ್ತೆ ಅನ್ನಲಿಲ್ಲ. ಹಡಗು ಹೋಗುತ್ತೆ, ಆದರೆ ನಿನ್ನ ಜೊತೆ ಪ್ರಯಾಣ ಮಾಡುವ ಎಲ್ಲರನ್ನೂ ದೇವರು ನಿನಗೆ ಕೊಟ್ಟಿದ್ದಾನೆ ಅಂದ. ಎಲ್ಲರನ್ನೂ! ಸೈನಿಕರು, ಕಳ್ಳರು, ಮಾತು ಕೇಳದ ಆ ಮಾಲೀಕ, ಎಲ್ಲಾ. ಪೌಲ ತನ್ನ ಮೂಲೆಗೆ ಮಾತ್ರ ನೀರು ಬರಬಾರದು ಅಂತ ಪ್ರಾರ್ಥನೆ ಮಾಡಿದವನಾಗಿದ್ದರೆ ದೂತ ಹೀಗೆ ಹೇಳ್ತಿದ್ದನಾ?

ಇನ್ನೊಂದು ವಿಷಯ, ಇದು ನನ್ನನ್ನು ಬಹಳ ಕಾಡಿದೆ. ವಾಗ್ದಾನ ಕೈಯಲ್ಲಿದೆ, ಯಾರೂ ಸಾಯಲ್ಲ ಅಂತ ದೇವರು ಹೇಳಿಬಿಟ್ಟಿದ್ದಾನೆ. ಅಷ್ಟರಲ್ಲಿ ನಾವಿಕರು ಗುಟ್ಟಾಗಿ ಸಣ್ಣ ದೋಣಿ ಇಳಿಸಿ ಪರಾರಿಯಾಗೋಕೆ ನೋಡ್ತಾರೆ. ಪೌಲ ಏನಂದ? "ಹೋಗಲಿ ಬಿಡಿ, ವಾಗ್ದಾನ ಇದೆ" ಅಂದನಾ? ಇಲ್ಲ. ಇವರು ಹಡಗಿನಲ್ಲಿ ಇರದಿದ್ದರೆ ನೀವು ಉಳಿಯಲ್ಲ ಅಂತ ಸೈನಿಕರಿಗೆ ಹೇಳಿ ದೋಣಿಯ ಹಗ್ಗ ಕಡಿಸಿದ. ಆಮೇಲೆ ಹದಿನಾಲ್ಕು ದಿನ ಸರಿಯಾಗಿ ತಿನ್ನದವರಿಗೆ ತಾನೇ ರೊಟ್ಟಿ ಮುರಿದು, ಸ್ತೋತ್ರ ಮಾಡಿ, ಊಟ ಮಾಡಿಸಿದ. ಕೊನೆಗೆ ಈಜು ಬಂದವರು ಈಜಿದರು, ಬಾರದವರು ಹಲಗೆ ಹಿಡಿದು ದಡ ಸೇರಿದರು.

ಪ್ರಾರ್ಥನೆಗೆ ಬೆಲೆ ಏನು ಅಂತ ಚೀಟಿ ಬರೆದವರೇ, ಇಲ್ಲಿ ನೋಡಿ. 276 ಜನ ಆಸೆ ಬಿಟ್ಟು ಕೂತಿದ್ದ ಹಡಗಿನಲ್ಲಿ ಪ್ರಾರ್ಥನೆ ಮಾಡಿದ ಒಬ್ಬನಿಗೆ ಮಾತ್ರ ಯಾರು ಓಡಿಹೋಗ್ತಿದ್ದಾರೆ, ಯಾರು ಹಸಿದಿದ್ದಾರೆ ಅನ್ನೋದು ಕಾಣಿಸ್ತಿತ್ತು. ಅಗಬನ ವಿಷಯವೂ ಹೀಗೇ. ಕ್ಷಾಮ ಬರುತ್ತೆ ಅಂತ ಆತ್ಮನ ಮೂಲಕ ತಿಳಿಸಿದ. ಅದು ನಮ್ಮ ಹವಾಮಾನ ಮುನ್ಸೂಚನೆ ಇದ್ದ ಹಾಗೇ ಅಲ್ವಾ? ಅಂತಿಯೋಕ್ಯದ ಸಭೆ ಕ್ಷಾಮ ಬರದಂತೆ ಗದರಿಸಿತು ಅಂತ ಅಲ್ಲಿ ಬರೆದಿಲ್ಲ. ತಮ್ಮ ತಮ್ಮ ಶಕ್ತಿಯಷ್ಟು ಹಣ ಕೂಡಿಸಿ ಬಾರ್ನಬ ಸೌಲರ ಕೈಯಲ್ಲಿ ಯೂದಾಯಕ್ಕೆ ಕಳಿಸಿದರು ಅಂತ ಬರೆದಿದೆ.

ಹಾಗಾದರೆ ಮಳೆ ನಿಲ್ಲಲಿ ಅಂತ ಬೇಡಬಾರದಾ? ಬೇಡಿ. ನಾನು ಈಗಲೂ ಬೇಡ್ತೀನಿ. ಗಾಳಿಯನ್ನು ಗದರಿಸಿದ ಯೇಸುವನ್ನು ನಂಬಿದವನು ನಾನು, ಎಲೀಯನ ಪ್ರಾರ್ಥನೆಗೆ ಮಳೆ ನಿಂತದ್ದನ್ನೂ ಬಂದದ್ದನ್ನೂ ನಂಬ್ತೀನಿ. ಆದರೆ ಸ್ವಲ್ಪ ನಾಚಿಕೆಯೂ ಇರಲಿ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕ್ಯೂ ನಿಂತು, ಇದೇ ಹಾಲ್‌ನಲ್ಲಿ ಮೂರು ದಿನ ಉಪವಾಸ ಮಾಡಿ ಮಳೆ ಬೇಡಿದ್ವಿ. ಅಕ್ಟೋಬರ್‌ನಲ್ಲಿ ಇದೇ ಹಾಲ್‌ನಲ್ಲಿ ಮಳೆ ಸಾಕು ತಂದೆಯೇ ಅಂದ್ವಿ. ನಮ್ಮ ಅರ್ಜಿ ನೋಡೋ ದೇವದೂತನ ಪಾಡು ಏನಾಗಿರಬೇಕು! ನಾನು ಬಿಟ್ಟದ್ದು ಒಂದನ್ನೇ. ಮಳೆ ನಿಂತ ಮೇಲೆ ಯಾರ ಪ್ರಾರ್ಥನೆ ಕೇಳಲ್ಪಟ್ಟಿತು, ಯಾರದ್ದು ಕೇಳಲ್ಪಡಲಿಲ್ಲ ಅಂತ ತೀರ್ಪು ಕೊಡೋದನ್ನು. ಆ ಕುರ್ಚಿ ನನ್ನದಲ್ಲ.

ಆ ಸಹೋದರಿಯ ಮನೆಗೆ ನಾನು ಹೋದದ್ದು ಏಳನೇ ವಾರ. ಪಕ್ಕದ ಮನೆ ಆಂಟಿ ಸೇರಿ ನಾವು ಮೂರು ಜನ ಹೋಗಿದ್ವಿ. ಶೆಡ್ ಗೋಡೆ ಮೇಲೆ ನೀರು ನಿಂತ ಗೆರೆ ಇನ್ನೂ ಹಾಗೇ ಇತ್ತು. ರೇಷನ್ ಕಾರ್ಡ್, ಮಗಳ ಪುಸ್ತಕ, ಅಕ್ಕಿ ಎಲ್ಲಾ ಹೋಗಿತ್ತು. ಅವತ್ತು ರಾತ್ರಿ ಮಗುವನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತಂದವನು ಪಕ್ಕದ ಶೆಡ್‌ನ, ಚಿಂದಿ ಆಯುವ ಬಂಗಾಳಿ ಹುಡುಗ. ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಆಕೆ ಇರಲೇ ಇಲ್ಲ, ಆಕೆಯದ್ದು ಬಟನ್ ಫೋನ್. ನಾನು ಮೂರನೇ ಮಹಡಿಯಲ್ಲಿ ಅಳ್ತಾ ಪ್ರಾರ್ಥನೆ ಮಾಡ್ತಿದ್ದ ಅರ್ಧ ಗಂಟೆಯಲ್ಲಿ ಆಕೆ ಕರೆಂಟ್ ಇಲ್ಲದ ಕತ್ತಲೆಯಲ್ಲಿ ಮಗುವನ್ನು ಎತ್ತಿ ಹಿಡಿದು ನಿಂತಿದ್ದರು. ಈ ಹಾಲ್ ಖಾಲಿ ಇತ್ತು, ಕೀಲಿ ನನ್ನ ಬ್ಯಾಗಿನಲ್ಲಿತ್ತು.

ನಾನು ಕ್ಷಮೆ ಕೇಳಿದೆ. ಆಕೆ ಟೀ ಕೊಟ್ಟರು. ಈಗ ಹೇಗೆ ಪ್ರಾರ್ಥನೆ ಮಾಡ್ತೀರಿ ಸಿಸ್ಟರ್ ಅಂತ ಕೇಳಿದೆ. "ಮಳಿ ನಿಂದ್ರಸು ಅನ್ನಂಗಿಲ್ರಿ ಅಣ್ಣಾರ. ನೀರು ಬರೂಕಿಂತ ಮೊದ್ಲ ನನ್ನ ಎಬ್ಬಸು ಅಂತೀನ್ರಿ."

ಈಗ ಅವರು ಕಾಡುಗೋಡಿ ಕಡೆ ಇದ್ದಾರೆ. ತಿಂಗಳಿಗೆ ಒಂದೆರಡು ಭಾನುವಾರ ಬರ್ತಾರೆ, ಉಳಿದ ಭಾನುವಾರ ಅವರಿಗೆ ಕೆಲಸ ಇರುತ್ತೆ. ಇದನ್ನೆಲ್ಲಾ ಹೇಳೋಕೆ ಅವರನ್ನು ಕೇಳಿಯೇ ಹೇಳ್ತಿದ್ದೀನಿ.

ಎದ್ದು ನಿಲ್ಲೋಣ. ಪ್ರಾರ್ಥನೆಗೆ ಮೊದಲು ಒಂದು ಪಟ್ಟಿ ಹಿಂದಿನಿಂದ ಬರುತ್ತೆ, ಪೆನ್ ಇದೆ. ನೀವಿರುವ ಏರಿಯಾ, ನೆಲಮಹಡಿಯಾ ಮೇಲಾ, ರಾಜಕಾಲುವೆ ಹತ್ತಿರಾನಾ, ಮನೆಯಲ್ಲಿ ವಯಸ್ಸಾದವರು ಮಕ್ಕಳು ಇದ್ದಾರಾ ಬರೀರಿ. ಗಾಡಿ ಇರುವವರು ಅದನ್ನೂ ಬರೀರಿ. ಬಟನ್ ಫೋನ್ ಇರುವವರಿಗೆ ರಾತ್ರಿ ಕರೆ ಮಾಡೋಕೆ ಇಬ್ಬರು ಬೇಕು, ಕೈ ಎತ್ತಿ. ಹಾಲ್ ಕೀಲಿಯ ಇನ್ನೊಂದು ಜೊತೆ ಕೆಳಗಿನ ಹಾರ್ಡ್‌ವೇರ್ ಅಂಗಡಿಯ ಅಣ್ಣನ ಹತ್ತಿರ ಇದೆ, ಅವರು ಅಂಗಡಿ ಹಿಂದೆಯೇ ಇರ್ತಾರೆ, ಎಷ್ಟು ಹೊತ್ತಿಗೂ ಎಬ್ಬಿಸಬಹುದು. ಸರಪಳಿ ಪ್ರಾರ್ಥನೆಯಲ್ಲಿ ಎರಡರಿಂದ ಎರಡೂವರೆ ಈ ವರ್ಷವೂ ನನ್ನದೇ ಇರಲಿ. ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡೋಣ. ಕಣ್ಣು ಮುಚ್ಚೋಣ. ಪಟ್ಟಿ ಇನ್ನೂ ಕೈಯಲ್ಲಿರುವವರು ಬರೆದು ಮುಗಿಸಿ, ಆಮೇಲೆ ಮುಚ್ಚಿ.