ಹೊಳೆ ಇಳಿದ ದಾರಿಯಲ್ಲಿ ಕಡಲಿಗೆ: ಘಟ್ಟದ ಮೇಲಿಂದ ಒಂದು ವಾರದ ಸುತ್ತು

ಕರಾವಳಿ ನೋಡಬೇಕೆಂದು ಹೊರಡುವವರು ಸಾಮಾನ್ಯವಾಗಿ ಮಂಗಳೂರಿನಲ್ಲಿ ಶುರುಮಾಡಿ, ಹೆದ್ದಾರಿ 66 ಹಿಡಿದು ಕಾರವಾರ ಮುಟ್ಟಿ, ಅದೇ ರಸ್ತೆಯಲ್ಲಿ ಹಿಂತಿರುಗುತ್ತಾರೆ. ಹೋದ ದಾರಿಯಲ್ಲೇ ವಾಪಸಾಗುವ ಪ್ರವಾಸದಲ್ಲಿ ಅರ್ಧ ವಾರ ಸುಮ್ಮನೆ ಕಳೆದುಹೋಗುತ್ತದೆ. ನನ್ನನ್ನು ಕೇಳಿದರೆ ಕಡಲಿನ ಪ್ರವಾಸ ಶುರುವಾಗಬೇಕಾದದ್ದು ಕಡಲೇ ಇಲ್ಲದ ಮೂರು ತಾಲ್ಲೂಕುಗಳಿಂದ: ಸಾಗರ, ಹೊಸನಗರ, ತೀರ್ಥಹಳ್ಳಿ. ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಮರವಂತೆಯಲ್ಲಿ ಹೆದ್ದಾರಿಯ ಪಕ್ಕಕ್ಕೇ ಬಂದು ನಿಲ್ಲುವ ಸೌಪರ್ಣಿಕಾ ಹೊಸನಗರದ ಕೊಡಚಾದ್ರಿಯ ಮಗಳು. ಬಸರೂರು, ಕುಂದಾಪುರದ ವಾರಾಹಿಯೂ ಮೇಲಿನದೇ. ಹೊಳೆ ಇಳಿದಲ್ಲೆಲ್ಲ ಒಂದು ಘಟ್ಟದ ದಾರಿಯಿದೆ. ಆ ದಾರಿಗಳಲ್ಲಿ ಮೆಣಸು, ಅಡಿಕೆ ಹೇರಿಕೊಂಡ ಎತ್ತುಗಳು ಇಳಿದವು, ಉಪ್ಪು, ಒಣಮೀನು ಹೊತ್ತು ಹತ್ತಿದವು. ಒಂದು ಘಟ್ಟ ಇಳಿದು ಇನ್ನೊಂದು ಘಟ್ಟ ಹತ್ತಿದರೆ ಕರಾವಳಿಯ ಊರುಗಳು ಯಾಕೆ ಅಲ್ಲಲ್ಲೇ ಬೆಳೆದವು ಎಂಬುದು ತಾನಾಗಿ ತಿಳಿಯುತ್ತದೆ.

ಸುತ್ತು ಹೀಗೆ: ಸಾಗರ, ಜೋಗ, ಗೇರುಸೊಪ್ಪೆ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಆಗುಂಬೆ, ತೀರ್ಥಹಳ್ಳಿ, ನಗರ, ಹೊಸನಗರ, ಮತ್ತೆ ಸಾಗರ. ಅಡ್ಡದಾರಿಗಳನ್ನು ಬಿಟ್ಟರೆ ಎಲ್ಲ ಸೇರಿ ಸುಮಾರು 400 ಕಿಲೋಮೀಟರ್. ಏಳು ದಿನಕ್ಕೆ ಇದು ಕಡಿಮೆಯಾಯಿತು ಎನ್ನಿಸಬಹುದು. ಆದರೆ ಘಟ್ಟದ 40 ಕಿಲೋಮೀಟರ್ ಬಯಲುಸೀಮೆಯ 100ಕ್ಕೆ ಸಮ. ಬೆಂಗಳೂರಿನಿಂದ ಬರುವವರು ಕಾರು ಓಡಿಸಿ ಮೊದಲ ದಿನವೇ ದಣಿಯುವುದಕ್ಕಿಂತ ತಾಳಗುಪ್ಪದ ರಾತ್ರಿ ರೈಲು ಹತ್ತುವುದು ಮೇಲು. ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ ಊರಿನಲ್ಲೇ ಬಾಡಿಗೆ ಕಾರು ಸಿಗುತ್ತದೆ. ಘಟ್ಟದ ತಿರುವುಗಳನ್ನು ದಿನವೂ ಹತ್ತಿ ಇಳಿಯುವ ಡ್ರೈವರ್ ಜೊತೆಗಿದ್ದರೆ ಅರ್ಧ ಚಿಂತೆ ಕಳೆದಂತೆ.

ಕಾಲದ ವಿಷಯ ಮುಖ್ಯ. ಜೋಗದಲ್ಲಿ ನೀರೂ ಬೇಕು, ಕಡಲು ಶಾಂತವಾಗಿಯೂ ಇರಬೇಕು ಎಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಬನ್ನಿ. ಜೂನ್, ಜುಲೈ ಮಳೆ ನೋಡಲಿಕ್ಕೆ ಚಂದ, ಆದರೆ ಆಗ ಘಟ್ಟದಲ್ಲಿ ಧರೆ ಕುಸಿಯುತ್ತದೆ, ಆಗುಂಬೆ ಮತ್ತು ಹುಲಿಕಲ್ ಘಾಟಿಗಳಲ್ಲಿ ಭಾರಿ ವಾಹನಗಳನ್ನು ತಡೆಯುವುದುಂಟು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ತಾಜಾ ಬಂಗುಡೆ, ಅಂಜಲ್ ತಿನ್ನುವ ಆಸೆಯಿದ್ದವರು ಆ ಎರಡು ತಿಂಗಳು ಬಿಡುವುದೇ ಒಳ್ಳೆಯದು. ಡಿಸೆಂಬರ್‌ನಿಂದ ಮೇವರೆಗೆ ಇನ್ನೊಂದು ಎಚ್ಚರ ಬೇಕು. ಅದು ಈ ಮೂರೂ ತಾಲ್ಲೂಕಿನ ಕಾಡಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಇದು ಜೀವಗಳನ್ನೇ ತೆಗೆದುಕೊಂಡಿತು. ಹೆದರಿ ಪ್ರವಾಸ ಬಿಡಬೇಕಿಲ್ಲ. ತರಗೆಲೆಯ ಮೇಲೆ ಕೂರಬೇಡಿ, ಕಾಡುದಾರಿಯಲ್ಲಿ ಮೈ ಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಸಂಜೆ ಬಿಸಿನೀರಿನಲ್ಲಿ ಮೈ ತಿಕ್ಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಮಳೆಗಾಲದಲ್ಲಿ ಇಂಬಳ ಹತ್ತುತ್ತದೆ, ಅದಕ್ಕೆ ಚಿಟಿಕೆ ಉಪ್ಪು ಸಾಕು.

ಮೊದಲ ದಿನ ಸಾಗರ ಬಿಟ್ಟು ದೂರ ಹೋಗಬೇಡಿ. ಊರಿನ ಪಕ್ಕದಲ್ಲೇ ಇಕ್ಕೇರಿ. ಕೆಳದಿ ಅರಸರು ಮೊದಲು ಕೆಳದಿಯಿಂದ ಆಳಿದರು, ಆಮೇಲೆ ರಾಜಧಾನಿಯನ್ನು ಇಕ್ಕೇರಿಗೆ ತಂದರು, ಕೊನೆಗೆ ಬಿದನೂರಿಗೆ ಒಯ್ದರು. ಅರಮನೆ ಅಳಿದಿದೆ, ಅಘೋರೇಶ್ವರ ದೇವಸ್ಥಾನ ಉಳಿದಿದೆ. ಜನ ಕಂಬ ನೋಡಿ, ನಂದಿ ಮಂಟಪದಲ್ಲಿ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಒಳಗಿನ ನೆಲ ನೋಡಿ. ದೇವರಿಗೆ ಅಡ್ಡಬಿದ್ದ ಮೂವರು ನಾಯಕರ ಆಕೃತಿಗಳನ್ನು ಕಲ್ಲಿನಲ್ಲಿ ಕೊರೆದು, ಒಬ್ಬೊಬ್ಬರ ಹೆಸರನ್ನೂ ಬರೆಸಿದ್ದಾರೆ. ಅವರಲ್ಲಿ ಒಬ್ಬ ಹುಚ್ಚ ಸಂಕಣ್ಣ ನಾಯಕ, ಅವನ ಕೈಕಾಲುಗಳಿಗೆ ಬೇಡಿ. ಹೊನ್ನಾವರದಿಂದ ಬೇಕಲದವರೆಗೆ ಕಡಲತೀರ ಆಳಿದ ಮನೆತನದವರು ಭಕ್ತರ ಕಾಲಡಿಯ ನೆಲದಲ್ಲಿ ಮಲಗಿದ್ದಾರೆ. ಮುಂದಿನ ಆರು ದಿನ ನೋಡುವ ಕೋಟೆ, ಬಂದರುಗಳಿಗೆಲ್ಲ ಈ ಮನೆತನವೇ ಸೂತ್ರ, ಹಾಗಾಗಿ ಇಲ್ಲಿ ಒಂದು ಗಂಟೆ ಹೆಚ್ಚು ಹೋದರೂ ನಷ್ಟವಿಲ್ಲ. ಕೆಳದಿಯ ರಾಮೇಶ್ವರ ದೇವಸ್ಥಾನವನ್ನೂ ವಸ್ತುಸಂಗ್ರಹಾಲಯವನ್ನೂ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮ ಇದೇ ಮನೆತನದ ರಾಣಿ. ಸಂಜೆ ಹೆಗ್ಗೋಡು: 1949ರಲ್ಲಿ ಹುಟ್ಟಿದ ನೀನಾಸಂನಲ್ಲಿ ನಾಟಕವಿದ್ದರೆ ಬಿಡಬೇಡಿ, ಪಕ್ಕದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ ಸಿಗುತ್ತದೆ. ಊಟಕ್ಕೆ ಹೋಂಸ್ಟೇ ಹಿಡಿದರೆ ತಂಬುಳಿ, ಅಪ್ಪೆಹುಳಿ, ಕೆಸುವಿನ ಪತ್ರೊಡೆ ಸಿಕ್ಕೀತು. ಎಷ್ಟು ಜನ ಉಣ್ಣುತ್ತೀರಿ ಎಂಬುದನ್ನು ಬೆಳಿಗ್ಗೆಯೇ ಹೇಳಿಬಿಡಿ, ಮಲೆನಾಡಿನ ಅಡುಗೆಮನೆಯಲ್ಲಿ ಗಡಿಬಿಡಿಯ ಅಡುಗೆ ಆಗುವುದಿಲ್ಲ. ಸಾಗರದ ಪೇಟೆಯಲ್ಲಿ ತೊಡೆದೇವು ಕಂಡರೆ ಕೊಳ್ಳಿ, ಆದರೆ ಕಾರಿನ ಡಿಕ್ಕಿಗೆ ಹಾಕಬೇಡಿ, ಮನೆ ತಲುಪುವ ಹೊತ್ತಿಗೆ ಪುಡಿಯಾಗಿರುತ್ತದೆ.

ಎರಡನೆಯ ದಿನ ಜೋಗ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುವುದು ಮಳೆ ಜೋರಿದ್ದಾಗ ಮಾತ್ರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜಲಪಾತದ ನೀರು ವಿದ್ಯುತ್ತಿನ ಲೆಕ್ಕಕ್ಕೆ ಸೇರಿತು. ಬೇಸಿಗೆಯಲ್ಲಿ ಬಂದು ಬೇಸರಪಡುವವರು ಇದನ್ನು ಮೊದಲೇ ತಿಳಿದಿರಬೇಕು. ಬೆಳಿಗ್ಗೆ ಮಂಜು ಮುಚ್ಚಿದ್ದರೆ ಚಹಾ ಕುಡಿದು ಕಾಯಿರಿ, ಹತ್ತು ನಿಮಿಷದಲ್ಲಿ ಸರಿಯುವುದೂ ಉಂಟು. ಎದುರಿನಿಂದ ನೋಡಿದ ಮೇಲೆ ಸಿದ್ದಾಪುರದ ಕಡೆಗೂ ಹೋಗಿ, ನೀರು ಅಂಚು ದಾಟುವ ಜಾಗ ಅಲ್ಲಿಂದ ಹತ್ತಿರ. ಜೋಗದಲ್ಲಿ ಅಭಿವೃದ್ಧಿ ಕಾಮಗಾರಿಗಾಗಿ ಪ್ರವೇಶ ನಿಲ್ಲಿಸಿದ್ದೂ ಉಂಟು, ಹೊರಡುವ ಮೊದಲು ಫೋನಿನಲ್ಲಿ ವಿಚಾರಿಸಿ.

ಅಲ್ಲಿಂದ ಹೊನ್ನಾವರಕ್ಕೆ ಸುಮಾರು 60 ಕಿಲೋಮೀಟರ್. ಮಧ್ಯಾಹ್ನ ಊಟ ಮುಗಿಸಿ ಬೆಳಕಿನಲ್ಲೇ ಘಟ್ಟ ಇಳಿಯಿರಿ, ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಸಿಂಗಳೀಕಗಳು ರಸ್ತೆ ದಾಟುತ್ತವೆ. ಅವಕ್ಕೆ ತಿಂಡಿ ಹಾಕಬೇಡಿ. ಕೆಳಗಿನ ಗೇರುಸೊಪ್ಪೆಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿಯಲ್ಲಿ ಈಗ ನೋಡಲಿಕ್ಕೆ ಮುಖ್ಯವಾಗಿ ಉಳಿದದ್ದು ಅದು.

ಹೊನ್ನಾವರದಲ್ಲಿ ಎರಡು ರಾತ್ರಿ ಉಳಿಯಿರಿ. ಹೆಚ್ಚಿನವರು ಮುರುಡೇಶ್ವರಕ್ಕೆ ಓಡುವ ಅವಸರದಲ್ಲಿ ಈ ಊರನ್ನು ಬಿಟ್ಟುಬಿಡುತ್ತಾರೆ, ಈ ವಾರದ ಒಳ್ಳೆಯ ದಿನ ಸಿಗುವುದು ಇಲ್ಲೇ. ಶರಾವತಿ ಕಡಲು ಸೇರುವಲ್ಲಿ ದೋಣಿಯಲ್ಲಿ ಸುತ್ತಾಡಬಹುದು, ಕಾಂಡ್ಲಾ ಗಿಡಗಳ ನಡುವೆ ಹಲಗೆಯ ಕಾಲುದಾರಿ ಇದೆ. ಇಳಿತದ ಹೊತ್ತಿಗೆ ಹೋದರೆ ಬೇರುಗಳ ಸಂದಿಯಲ್ಲಿ ಏಡಿಗಳು ಕೆಸರಿನಿಂದ ಎದ್ದು ಬರುವುದು ಕಾಣುತ್ತದೆ. ಭರತ ಇಳಿತದ ಹೊತ್ತನ್ನು ದೋಣಿಯವರನ್ನೇ ಕೇಳಿ. ಹೊಳೆಯಾಚೆಯ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಮಕ್ಕಳು ನೀರಿಗಿಳಿಯಬೇಕೆಂದು ಹಟ ಹಿಡಿದರೆ ಕರೆದೊಯ್ಯಬೇಕಾದ ಜಾಗ ಅದು, ಅಲ್ಲಿ ಜೀವರಕ್ಷಕರಿರುತ್ತಾರೆ. ಸಂಜೆಗೆ ಇಡಗುಂಜಿ ಗಣಪತಿ. 1934ರಿಂದ ಯಕ್ಷಗಾನವನ್ನೇ ಬದುಕು ಮಾಡಿಕೊಂಡ ಕೆರೆಮನೆ ಮೇಳ ಇದೇ ಗಣಪತಿಯ ಹೆಸರಿನದು.

ನಾಲ್ಕನೆಯ ದಿನ ದಕ್ಷಿಣಕ್ಕೆ ಹೊರಡಿ. ಮುರುಡೇಶ್ವರದಲ್ಲಿ 20 ಅಂತಸ್ತಿನ ರಾಜಗೋಪುರದ ಲಿಫ್ಟ್ ಹತ್ತಿ ಮೇಲಿಂದ ಕಡಲು ನೋಡಿ, ಬೆಳಿಗ್ಗೆ ಬೇಗ ಹೋದರೆ ಸರತಿ ಸಾಲು ಚಿಕ್ಕದು. ಅಲೆಗೆ ಮಾತ್ರ ಇಳಿಯಬೇಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಇಲ್ಲೇ ಸಮುದ್ರಪಾಲಾದರು. ಮೊಣಕಾಲುದ್ದ ನೀರಿನಲ್ಲಿ ನಿಂತವರನ್ನೂ ಸೆಳೆತ ಒಯ್ಯುತ್ತದೆ. ಕೆಂಪು ಬಾವುಟವನ್ನು ಲೆಕ್ಕಿಸದ ಒಬ್ಬರು ಗುಂಪಿನಲ್ಲಿದ್ದರೂ ಅವರನ್ನು ಗದರಿ ದಡಕ್ಕೆ ಕರೆಯುವ ಧೈರ್ಯ ನಿಮಗಿರಲಿ.

ಭಟ್ಕಳದಲ್ಲಿ ಖೇತಪೈ ನಾರಾಯಣ ದೇವಸ್ಥಾನವನ್ನೂ ಹಳೆಯ ಬಸದಿಯನ್ನೂ ನೋಡಿ. ಮಾಡಿಗೆ ಹೊದಿಸಿದ್ದು ಹೆಂಚಲ್ಲ, ಕಲ್ಲಿನ ಚಪ್ಪಡಿ. ಘಟ್ಟದ ಕೆಳಗಿನ ಮಳೆಗೆ ಶಿಲ್ಪಿಗಳು ಕಲ್ಲನ್ನೇ ಇಳಿಜಾರಾಗಿ ಜೋಡಿಸಿದ್ದಾರೆ. ಬಿರಿಯಾನಿಯೂ ಇಲ್ಲಿಯ ಹೆಸರುವಾಸಿ ತಿಂಡಿ, ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ, ನೆನಪಿಟ್ಟುಕೊಳ್ಳಿ. ಬೈಂದೂರು ದಾಟಿದ ಮೇಲೆ ಮರವಂತೆ: ಒಂದು ಮಗ್ಗುಲಿಗೆ ಅಲೆಯೊಡೆಯುವ ಕಡಲು, ಇನ್ನೊಂದು ಮಗ್ಗುಲಿಗೆ ಅಲುಗದ ಸೌಪರ್ಣಿಕಾ, ನಡುವೆ ಹೆದ್ದಾರಿ. ಗಾಡಿಯನ್ನು ರಸ್ತೆ ಬದಿ ಸರಿಯಾಗಿ ಒತ್ತಿ ನಿಲ್ಲಿಸಿ, ಲಾರಿಗಳು ವೇಗವಾಗಿ ಬರುತ್ತವೆ. ಹೊಳೆಯ ಕಡೆ ನಿಂತು ಪೂರ್ವಕ್ಕೆ ನೋಡಿದರೆ, ಮೋಡವಿಲ್ಲದ ದಿನ, ಆ ನೀರು ಹೊರಟ ಬೆಟ್ಟಸಾಲು ಕಾಣುತ್ತದೆ.

ರಾತ್ರಿ ಕುಂದಾಪುರ. ದೀಪಾವಳಿ ಕಳೆದ ಮೇಲೆ ಬಂದಿದ್ದರೆ ಸುತ್ತಮುತ್ತಲ ಯಾವುದಾದರೂ ಊರಿನಲ್ಲಿ ಮಂದಾರ್ತಿ ಮೇಳದ್ದೋ ಬೇರೆ ಮೇಳದ್ದೋ ಬಯಲಾಟ ಇದ್ದೇ ಇರುತ್ತದೆ, ಉಳಿದುಕೊಂಡ ಕಡೆ ಕೇಳಿದರೆ ಹೇಳುತ್ತಾರೆ. ಮರುದಿನ ಬಸರೂರು. ವಾರಾಹಿಯ ದಡದ ಈ ಊರಿನಿಂದ ಅಕ್ಕಿ ಹಡಗು ಹತ್ತುತ್ತಿತ್ತು. ಶಿವಪ್ಪ ನಾಯಕ 1650ರ ದಶಕದಲ್ಲಿ ಹೊನ್ನಾವರ, ಬಸರೂರುಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡದ್ದು ಈ ವ್ಯಾಪಾರಕ್ಕಾಗಿ. ಉಡುಪಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೃಷ್ಣಮಠ, ಗೋಳಿಬಜೆ, ಮಲ್ಪೆಯ ಬಂದರು ಎಲ್ಲರಿಗೂ ಗೊತ್ತು. ಸೈಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಹೋದರೆ ಕಂಬಗಳಂತೆ ನಿಂತ ಕಲ್ಲುಗಳನ್ನು ನಿಧಾನವಾಗಿ ನೋಡಿ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಾಗ ಉಕ್ಕಿದ ಲಾವಾ ಅದು.

ಆರನೆಯ ದಿನ ಹೆಬ್ರಿಯಲ್ಲಿ ಪೆಟ್ರೋಲ್ ತುಂಬಿಸಿ ಆಗುಂಬೆ ಹತ್ತಿ. 14 ತಿರುವುಗಳು, ಮೇಲೇರುವ ಗಾಡಿಗೆ ದಾರಿ ಬಿಡುವುದು ಘಟ್ಟದ ರೂಢಿ. ಸೂರ್ಯಾಸ್ತಕ್ಕಾಗಿ ಇಡೀ ದಿನ ಆಗುಂಬೆಯಲ್ಲಿ ಕಾಯುವುದಕ್ಕಿಂತ ಮಧ್ಯಾಹ್ನದೊಳಗೆ ಕುಪ್ಪಳಿಗೆ ಹೋಗಿ ಎನ್ನುತ್ತೇನೆ. ಮೋಡ ಬಂದರೆ ಸೂರ್ಯ ಸಿಗುವುದಿಲ್ಲ, ಕುವೆಂಪು ಬೆಳೆದ ತೊಟ್ಟಿಮನೆ ಮಾತ್ರ ಮೋಡ ಮಳೆಗಳಲ್ಲಿ ಇನ್ನೂ ಚೆನ್ನ. ಕವಿಶೈಲದ ಬಂಡೆಯ ಮೇಲೆ ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯನವರ ಅಕ್ಷರಗಳು ಕೆತ್ತಿದಂತೆಯೇ ಇವೆ. ಪಕ್ಕದಲ್ಲಿ ನಿಮ್ಮ ಹೆಸರು ಗೀಚಬೇಡಿ. ರಾತ್ರಿ ತೀರ್ಥಹಳ್ಳಿಯಲ್ಲಿ, ತುಂಗೆಯ ದಡದಲ್ಲಿ ಉಳಿಯಬಹುದು.

ಕೊನೆಯ ದಿನ ಬೆಳಗಾಗುತ್ತಲೇ ಕವಲೇದುರ್ಗದ ಕೋಟೆ. ಗದ್ದೆಯ ಬದುವಿನ ಪಕ್ಕ ನಡೆದು ಕಲ್ಲುಹಾಸಿನ ಮೇಲೆ ಹತ್ತಬೇಕು. ಮಳೆ ಬಿದ್ದಿದ್ದರೆ ಪಾಚಿ ಜಾರುತ್ತದೆ, ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಮೇಲೆ ಅರಮನೆಯ ಅಡಿಪಾಯದಲ್ಲಿ ಅಡುಗೆಯ ಕಲ್ಲಿನ ಒಲೆಯನ್ನು ಹುಡುಕಿ ನೋಡಿ. ಮೇಲೆ ಅಂಗಡಿಯಿಲ್ಲ, ನೀರು ಕೆಳಗಿಂದಲೇ ಒಯ್ಯಿರಿ. ಅಲ್ಲಿಂದ ನಗರ, ಅಂದರೆ ಹಿಂದಿನ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದುಕೊಂಡ ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ಸ್ವಲ್ಪ ದೂರದ ದೇವಗಂಗೆಯಲ್ಲಿ ಗುಡ್ಡದ ನೀರು ಕೊಳದಿಂದ ಕೊಳಕ್ಕೆ ಇಂದಿಗೂ ಹರಿಯುತ್ತಿದೆ, ಸೋಪು ಹಚ್ಚಿ ಸ್ನಾನಕ್ಕಿಳಿಯಬೇಡಿ.

ಹಿರಿಯರು ಜೊತೆಗಿದ್ದು ಇಷ್ಟು ಸುತ್ತುವುದು ಕಷ್ಟವಾದರೆ ಚಿಕ್ಕ ದಾರಿಯೂ ಇದೆ. ಲಿಂಗನಮಕ್ಕಿ ಹಿನ್ನೀರು ತುಂಬಿದ ಮೇಲೆ ಶರಾವತಿಯ ಆಚೆ ದಡದ ತುಮರಿ ಸೀಮೆಯವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಾಂಚ್‌ ಕಾದು ಸಾಗರಕ್ಕೆ ಬರಬೇಕಿತ್ತು. ರಾತ್ರಿ ರೋಗಿಯನ್ನು ದಾಟಿಸುವುದು ಹೇಗೆಂಬ ಚಿಂತೆ ಅಲ್ಲಿನ ಪ್ರತಿ ಮನೆಯದೂ ಆಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರ್‌ಗೂ ಉದ್ದದ ಸೇತುವೆ ತೆರೆಯಿತು. ಈಗ ಸಾಗರದಿಂದ ಸಿಗಂದೂರು ನೋಡಿಕೊಂಡು, ನಾಗೋಡಿ ಘಾಟಿ ಇಳಿದು ಕೊಲ್ಲೂರು, ಮರವಂತೆ ಸೇರಬಹುದು. ಮೂರ್ನಾಲ್ಕು ದಿನ ಮಾತ್ರ ಇದ್ದವರಿಗೂ ಇದೇ ದಾರಿ. ಸೇತುವೆಯ ಮಧ್ಯೆ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯಬೇಡಿ, ಅದು ಆ ಊರವರು ಆಸ್ಪತ್ರೆಗೆ ಹೋಗುವ ದಾರಿ.

ಪೂರ್ತಿ ಸುತ್ತು ಹಾಕಿದವರು ಕೊನೆಯ ದಿನ ನಗರದಿಂದ ಹೊಸನಗರದ ಮೇಲೆ ಸಾಗರಕ್ಕೆ ಕತ್ತಲಾಗುವುದರೊಳಗೆ ತಲುಪಬಹುದು. ಹೊತ್ತಿದ್ದರೆ ಹುಂಚದ ಪದ್ಮಾವತಿ ಬಸದಿಗೆ ಸ್ವಲ್ಪ ಬಳಸಿ ಬನ್ನಿ. ರಾತ್ರಿಯ ರೈಲಿಗೆ ವಾಪಸು ಟಿಕೆಟನ್ನು ಹೋಗುವ ಟಿಕೆಟಿನ ಜೊತೆಗೇ ಕಾದಿರಿಸಿ. ರಜೆ ಮುಗಿಯುವ ಭಾನುವಾರ ಸಾಗರದಿಂದ ಬರ್ತ್ ಸಿಗುವುದು ಕಷ್ಟ.